ಗೇಮ್‌ನ ಗಂಡುಗೊಡಲಿಗೆ ಪಹಣಿ: ಅಪರೂಪದ ವಸ್ತುಗಳನ್ನು ಬ್ಲಾಕ್‌ಚೈನ್‌ನಲ್ಲಿ ದಾಖಲಿಸುವ ಬಗೆ

ಆಟದಲ್ಲಿ ಒಂದೇ ಇರಬೇಕಾದ ಗಂಡುಗೊಡಲಿ ಇಬ್ಬರ ಚೀಲದಲ್ಲಿ ಕಾಣಿಸಿಕೊಂಡರೆ ಅದರ ಬೆಲೆ ಅಲ್ಲಿಗೆ ಮುಗಿಯಿತು. ಆನ್‌ಲೈನ್ ಆಟಗಳ ಲೋಕದಲ್ಲಿ ಇದಕ್ಕೆ ‘ಡ್ಯೂಪಿಂಗ್’ ಎಂಬ ಹೆಸರಿದೆ. ಸರ್ವರ್ ತಡವರಿಸುವ ಗಳಿಗೆಯನ್ನು ಹಿಡಿದು ಒಂದು ವಸ್ತುವನ್ನು ಎರಡು ಮಾಡಿಕೊಳ್ಳುವ ಕೈಚಳಕ ಅದು. ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಟ್ಟು, ಅದು ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಯಾರೂ ತಿದ್ದಲಾಗದ ಕಡತದಲ್ಲಿ ಬರೆದಿಡುವುದು ಬ್ಲಾಕ್‌ಚೈನ್‌ನ ಕೆಲಸ. ಸರ್ವರ್ ಬರೆಯಬಲ್ಲ ಒಬ್ಬರು, ಬ್ಲಾಕ್‌ಚೈನ್ ಪ್ರೋಗ್ರಾಂ ಬರೆಯುವ ಸಾಲಿಡಿಟಿ ಭಾಷೆ ಅಷ್ಟಿಷ್ಟು ಬಲ್ಲ ಇನ್ನೊಬ್ಬರು ಇರುವ ಸಣ್ಣ ತಂಡ ಇದನ್ನು ಮಾಡಿ ಮುಗಿಸುವುದು ಹೇಗೆ ಎಂಬುದು ಇಲ್ಲಿನ ವಿಷಯ.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬ್ಲಾಕ್‌ಚೈನ್ ಎಂದರೆ ಪಹಣಿ, ಹೊಲ ಅಲ್ಲ. ಹೊಲ ಯಾರ ಹೆಸರಿನಲ್ಲಿದೆ ಎಂದು ಪಹಣಿ ಹೇಳುತ್ತದೆ. ಬೆಳೆ ಬರುವುದು ಹೊಲದಲ್ಲಿ. ಕೊಡಲಿ ಎಷ್ಟು ಹರಿತ, ಅದು ಯಾವ ರಾಕ್ಷಸನನ್ನು ಕೊಲ್ಲುತ್ತದೆ, ನಾಳೆ ಆಟ ಇರುತ್ತದೋ ಇಲ್ಲವೋ, ಇದಾವುದೂ ಬ್ಲಾಕ್‌ಚೈನ್‌ಗೆ ಗೊತ್ತಿಲ್ಲ. ಹಾಗಾಗಿ ನಿಮ್ಮ ಕೈಯಲ್ಲಿ ಯಾವಾಗಲೂ ಎರಡು ಕಡತ ಇರುತ್ತವೆ: ಒಂದು ಬ್ಲಾಕ್‌ಚೈನ್, ಇನ್ನೊಂದು ಆಟದ ಡೇಟಾಬೇಸ್. ಕಾಂಟ್ರಾಕ್ಟ್, ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ, ಬರೆಯುವುದು ಎರಡು ವಾರದ ಕೆಲಸ. ಈ ಎರಡು ಕಡತಗಳ ಲೆಕ್ಕ ಹೊಂದಿಸುವುದು ಆಟ ಇರುವವರೆಗಿನ ಕೆಲಸ.

ನಿಮಗೆ ಇದು ಬೇಕೇ?

ಕೌಂಟರ್-ಸ್ಟ್ರೈಕ್ ಆಟದ ಬಂದೂಕಿನ ಅಲಂಕಾರದ ‘ಸ್ಕಿನ್’ಗಳಲ್ಲಿ ಒಂದೊಂದಕ್ಕೂ ತನ್ನದೇ ಸಂಖ್ಯೆ, ತನ್ನದೇ ಸವೆತದ ಮೌಲ್ಯ, ತನ್ನದೇ ವಿನ್ಯಾಸದ ಬೀಜಸಂಖ್ಯೆ (ವಿನ್ಯಾಸ ಲೆಕ್ಕ ಹಾಕುವ ಮೂಲ ಸಂಖ್ಯೆ) ಇದೆ. ಅವುಗಳ ದೊಡ್ಡ ಮಾರುಕಟ್ಟೆಯೇ ನಡೆಯುತ್ತದೆ. ಬ್ಲಾಕ್‌ಚೈನ್ ಅಲ್ಲಿ ಇಲ್ಲವೇ ಇಲ್ಲ; ಎಲ್ಲವೂ ವಾಲ್ವ್ ಕಂಪನಿಯ ಸರ್ವರ್‌ನಲ್ಲಿದೆ. ವಸ್ತುವನ್ನು ಸೃಷ್ಟಿಸುವವರು, ಬಳಸುವ ಆಟ, ಮಾರುವ ಅಂಗಡಿ ಮೂರೂ ನೀವೇ ಆಗಿದ್ದರೆ ಒಳ್ಳೆಯ ಡೇಟಾಬೇಸ್, ವಸ್ತುವಿನ ಸಂಖ್ಯೆಯ ಮೇಲೆ ‘ಯುನಿಕ್’ ನಿರ್ಬಂಧ, ವರ್ಗಾವಣೆಗೆ ಒಂದೇ ಟ್ರಾನ್ಸಾಕ್ಷನ್ ಇಷ್ಟು ಸಾಕು. ನೀವು ಇಲ್ಲದಾಗಲೂ ಮಾಲೀಕತ್ವ ಸಾಬೀತಾಗಬೇಕು, ಅಥವಾ ಬೇರೆ ತಂಡದ ಆಟವೂ ನಿಮ್ಮನ್ನು ಕೇಳದೆ ಅದನ್ನು ಓದಬೇಕು, ಅಥವಾ ‘ಈ ಬಗೆಯವು 500 ಮಾತ್ರ’ ಎಂಬ ಮಾತನ್ನು ಆಟಗಾರರು ತಾವೇ ಪರೀಕ್ಷಿಸಬೇಕು ಎಂದಿದ್ದರೆ ಮುಂದೆ ಓದಿ.

ಆಗಲೂ ಎಲ್ಲವನ್ನೂ ಬ್ಲಾಕ್‌ಚೈನ್‌ಗೆ ಏರಿಸಬೇಡಿ. ಮದ್ದಿನ ಸೀಸೆ, ಬಾಣ, ಚಿನ್ನದ ನಾಣ್ಯ ಡೇಟಾಬೇಸ್‌ನಲ್ಲೇ ಇರಲಿ. ತಿಂಗಳುಗಟ್ಟಲೆ ಉಳಿಯುವ, ಕೈಬದಲಾಗುವ, ಒಂದರಂತೆ ಇನ್ನೊಂದು ಇಲ್ಲದ ವಸ್ತುವಿಗೆ ಮಾತ್ರ ಟೋಕನ್, ಅಂದರೆ ಬ್ಲಾಕ್‌ಚೈನ್‌ನಲ್ಲಿ ಅದರದೇ ದಾಖಲೆ, ಕೊಡಿ. ಇಂಥದ್ದಕ್ಕೆ 2018ರ ಜನವರಿಯಲ್ಲಿ ಪ್ರಸ್ತಾಪವಾದ ಇಆರ್‌ಸಿ-721 ಮಾನದಂಡ ಇದೆ. ಒಂದೇ ಬಗೆಯ ನೂರಾರು ಪ್ರತಿಗಳಿದ್ದು ಅವುಗಳ ನಡುವೆ ಭೇದವೇ ಇಲ್ಲದಿದ್ದರೆ ಅದೇ ವರ್ಷ ಬಂದ ಇಆರ್‌ಸಿ-1155 ಅಗ್ಗ. ಆದರೆ ಅದರಲ್ಲಿ ಒಂದು ಬಗೆಯ ಪ್ರತಿಗಳನ್ನು ಎಣಿಸಬಹುದೇ ಹೊರತು ‘ಇದೇ ಆ ಕೊಡಲಿ’ ಎಂದು ಬೆರಳಿಟ್ಟು ತೋರಿಸಲು ಆಗದು.

ಯಾವ ಜಾಲ

2017ರ ನವೆಂಬರ್ ಕೊನೆಯಲ್ಲಿ ಕ್ರಿಪ್ಟೋಕಿಟೀಸ್ ಎಂಬ ಬೆಕ್ಕಿನ ಆಟ ಶುರುವಾಯಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಅದು ಓಡುತ್ತಿದ್ದ ಇಥೀರಿಯಂ ಎಂಬ ಬ್ಲಾಕ್‌ಚೈನ್ ಜಾಲವಿಡೀ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಆಗಿತ್ತು. ಅಂದಿನಿಂದ ಆಟಗಳು ಇಥೀರಿಯಂನ ಮುಖ್ಯ ಜಾಲ ಬಿಟ್ಟು ಅಗ್ಗದ ಅಕ್ಕಪಕ್ಕದ ಜಾಲಗಳಿಗೆ ಹೋದವು. ಇಲ್ಲಿನ ಲೆಕ್ಕಕ್ಕೆ ಪಾಲಿಗಾನ್ ಇಟ್ಟುಕೊಂಡಿದ್ದೇವೆ. ಇಥೀರಿಯಂ ಮಾದರಿಯ ಯಾವ ಜಾಲವಾದರೂ ಹಂತಗಳು ಇವೇ. ಪಾಲಿಗಾನ್‌ನ ಚೈನ್ ಸಂಖ್ಯೆ 137. ಪರೀಕ್ಷೆಗೆ ಇರುವ ಅಮೋಯ್ ಟೆಸ್ಟ್‌ನೆಟ್‌ನದು 80002. ಹಳೆಯ ಟ್ಯುಟೋರಿಯಲ್‌ಗಳು ‘ಮುಂಬೈ’ ಟೆಸ್ಟ್‌ನೆಟ್ ಬಳಸಿ ಎನ್ನುತ್ತವೆ. ಅದು 2024ರ ಏಪ್ರಿಲ್‌ನಲ್ಲೇ ನಿಂತಿದೆ, ಸಂಪರ್ಕ ಸಿಗಲಿಲ್ಲವೆಂದು ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕುತ್ತ ಕೂರಬೇಡಿ.

ಖರ್ಚಿನ ಅಂದಾಜು ಹೀಗೆ. ಯಾವುದೇ ಟ್ರಾನ್ಸಾಕ್ಷನ್‌ಗೆ ಮೂಲ ವೆಚ್ಚ 21,000 ಗ್ಯಾಸ್ (ಜಾಲ ಮಾಡುವ ಕೆಲಸವನ್ನು ಅಳೆಯುವ ಮಾನ). ಖಾಲಿ ಇದ್ದ ಒಂದು ಸ್ಲಾಟ್‌ಗೆ, ಅಂದರೆ 32 ಬೈಟ್‌ನ ಒಂದು ಕೋಣೆಗೆ, ಮೊದಲ ಸಲ ಬರೆಯಲು 22,100. ಹೊಸ ಆಟಗಾರನಿಗೆ ಒಂದು ಟೋಕನ್ ಮಿಂಟ್ ಮಾಡಲು (ಹೊಸದಾಗಿ ಹುಟ್ಟಿಸಲು) ಇಂಥ ಎರಡು ಕೋಣೆ ಬೇಕು, ಒಡೆಯನ ವಿಳಾಸಕ್ಕೆ (ಜಾಲದಲ್ಲಿ ಅವನ ಖಾತೆಯ ಗುರುತಿಗೆ) ಒಂದು, ಅವನ ಬಳಿ ಎಷ್ಟಿವೆ ಎಂಬ ಎಣಿಕೆಗೆ ಇನ್ನೊಂದು. ಹಾಗಾಗಿ ಸುಮಾರು 70 ಸಾವಿರ ಗ್ಯಾಸ್. ಗುಣಲಕ್ಷಣಗಳಿಗೆ ಮತ್ತೊಂದು ಕೋಣೆ ಸೇರಿಸಿದರೆ 95 ಸಾವಿರದ ಆಸುಪಾಸು. ಪಾಲಿಗಾನ್‌ನ ನಾಣ್ಯ ಪಿಒಎಲ್, ಅದರ ನೂರು ಕೋಟಿಯಲ್ಲಿ ಒಂದು ಭಾಗ ಗ್ವೇ. ಗ್ಯಾಸ್ ದರ 30 ಗ್ವೇ ಇದ್ದರೆ ಒಂದು ಮಿಂಟ್‌ಗೆ 0.00285 ಪಿಒಎಲ್, ಸಾವಿರ ವಸ್ತುವಿಗೆ 2.85 ಪಿಒಎಲ್. ಜಾಲ ತುಂಬಿದ ದಿನ ದರ ಹಲವು ಪಟ್ಟು ಏರಬಹುದು, ಆದ್ದರಿಂದ ಬಜೆಟ್‌ನಲ್ಲಿ ಹತ್ತು ಪಟ್ಟು ಇಟ್ಟುಕೊಳ್ಳಿ. ಇನ್ನು ‘ಚಿತ್ರವನ್ನೂ ಅಲ್ಲೇ ಇಡೋಣ’ ಎಂಬ ಆಸೆ ಬಂದರೆ ಈ ಲೆಕ್ಕ ನೋಡಿ: 5 ಕೆಬಿ ಚಿತ್ರ ಎಂದರೆ 160 ಕೋಣೆ, ಸುಮಾರು 35 ಲಕ್ಷ ಗ್ಯಾಸ್, ಅದೂ ಒಂದೇ ಒಂದು ಕೊಡಲಿಗೆ.

ಒಂದು ಕೋಣೆಯಲ್ಲಿ ಒಂದು ಕೊಡಲಿ

ಟೋಕನ್ ಐಡಿಯನ್ನು ಸರ್ವೆ ನಂಬರ್ ಎಂದುಕೊಳ್ಳಿ. ಅದನ್ನು 1, 2, 3 ಎಂದು ಕಾಂಟ್ರಾಕ್ಟ್‌ನಿಂದ ಎಣಿಸಬೇಡಿ. ವಸ್ತು ಹುಟ್ಟಿದಾಗ ಆಟದ ಸರ್ವರ್ ಕೊಡುವ 128 ಬಿಟ್‌ನ ಯುಯುಐಡಿಯನ್ನೇ (ಮತ್ತೆ ಬರದಂತೆ ಹುಟ್ಟಿಸುವ ಗುರುತಿನ ಸಂಖ್ಯೆ) ಟೋಕನ್ ಐಡಿ ಮಾಡಿ. ಎರಡೂ ಕಡತದಲ್ಲಿ ಒಂದೇ ಸಂಖ್ಯೆ ಇದ್ದರೆ ಮುಂದಿನ ಅರ್ಧ ತಲೆನೋವು ತಪ್ಪುತ್ತದೆ. ಏಕೆಂದು ಮಿಂಟ್ ಸರದಿಯ ಭಾಗದಲ್ಲಿ ಕಾಣುತ್ತದೆ.

ಆದರೆ ಈ ದೊಡ್ಡ ಸಂಖ್ಯೆಯನ್ನು ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯಾಗಿ ಮುಟ್ಟಬೇಡಿ. 9,007,199,254,740,991ರ ಆಚೆಗೆ ಅದು ಸದ್ದಿಲ್ಲದೆ ಕೊನೆಯ ಅಂಕಿಗಳನ್ನು ಅಂದಾಜಿಗೆ ಬದಲಿಸುತ್ತದೆ, ಬೇರೆ ಬೇರೆ ಕೊಡಲಿಗಳು ಒಂದೇ ಐಡಿಗೆ ಬಂದು ನಿಲ್ಲುತ್ತವೆ. ಎಲ್ಲೆಡೆ ‘ಬಿಗ್‌ಇಂಟ್’ ಅಥವಾ ಅಕ್ಷರ ರೂಪದ ಸ್ಟ್ರಿಂಗ್ ಬಳಸಿ. ಡೇಟಾಬೇಸ್‌ನಲ್ಲಿ 78 ಅಂಕಿಯ ನ್ಯೂಮೆರಿಕ್ ಕಾಲಂ ಇಡಿ. 256 ಬಿಟ್‌ನ ಅತಿ ದೊಡ್ಡ ಸಂಖ್ಯೆಗೆ ಅಷ್ಟು ಅಂಕಿಗಳು ಬೇಕು.

ಎಂದೂ ಬದಲಾಗದ ಗುಣಗಳನ್ನು 256 ಬಿಟ್‌ನ ಒಂದೇ ಕೋಣೆಯಲ್ಲಿ ಒತ್ತಿ ಕೂರಿಸಿ: ವಸ್ತುವಿನ ಬಗೆ 16 ಬಿಟ್, ಅಪರೂಪದ ದರ್ಜೆ 8, ಆಟದ ಋತು 16, ಆ ಬಗೆಯಲ್ಲಿ ಎಷ್ಟನೆಯದು ಎಂಬ ಕ್ರಮಾಂಕ 32, ಹುಟ್ಟಿದ ಸಮಯ 40, ಬೀಜಸಂಖ್ಯೆ 128. ಇಷ್ಟಕ್ಕೆ 240 ಆಯಿತು. ಉಳಿದ 16 ಬಿಟ್ ಮುಂದಕ್ಕೆ ಇರಲಿ. ಕೆತ್ತನೆಯ ವಿನ್ಯಾಸ, ಬಣ್ಣ, ಹಿಡಿಯ ಉದ್ದ ಎಲ್ಲವನ್ನೂ ಆ ಬೀಜಸಂಖ್ಯೆಯಿಂದ ಆಟವೇ ಲೆಕ್ಕ ಹಾಕಿ ಬಿಡಿಸಲಿ.

ಬದಲಾಗುವ ಗುಣಗಳು, ಅಂದರೆ ಸವೆತ, ಕೊಂದವರ ಎಣಿಕೆ, ಪೋಣಿಸಿದ ರತ್ನ, ಡೇಟಾಬೇಸ್‌ನಲ್ಲಿ ಇರಲಿ. ಇಲ್ಲೊಂದು ಮೋಸಕ್ಕೆ ದಾರಿ ಇದೆ. ಮಾರುವವನು ರತ್ನವಿದ್ದ ಕೊಡಲಿಯನ್ನು ಮಾರಾಟಕ್ಕೆ ಇಡುತ್ತಾನೆ, ಕೊಳ್ಳುವವನು ಹಣ ಕಳಿಸುವ ಅರೆಗಳಿಗೆ ಮೊದಲು ರತ್ನ ಕಿತ್ತುಕೊಳ್ಳುತ್ತಾನೆ. ಟೋಕನ್ ಸರಿಯಾಗಿಯೇ ಕೈಬದಲಾಯಿತು, ಆದರೆ ಕೊಂಡವನಿಗೆ ಸಿಕ್ಕಿದ್ದು ಬೋಳು ಕೊಡಲಿ. ಸುಲಭದ ಉಪಾಯವೆಂದರೆ ರತ್ನವನ್ನು ವಸ್ತುವಿಗಲ್ಲ, ಆಟಗಾರನ ಖಾತೆಗೆ ಕಟ್ಟುವುದು. ಅದು ಒಗ್ಗದಿದ್ದರೆ ರತ್ನ ಕಿತ್ತ ಮೇಲೆ 24 ಗಂಟೆ ಆ ಟೋಕನ್ ಕೈಬದಲಾಗದಂತೆ ಕಾಂಟ್ರಾಕ್ಟ್‌ನಲ್ಲೇ ತಡೆ ಹಾಕಿ, ತಡೆ ಬಿದ್ದದ್ದು ಖಚಿತವಾದ ಮೇಲೆಯೇ ಆಟದಲ್ಲಿ ರತ್ನ ಬಿಡಿಸಿ.

ಕನ್ನಡದ ಹೆಸರು ಇಡುವಾಗ

ಇಂಗ್ಲಿಷ್ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಅಕ್ಷರ, ಗುಣಿತದ ಗುರುತು, ಅನುಸ್ವಾರ, ಒತ್ತಕ್ಷರದ ಒಳಗಿನ ವಿರಾಮ ಎಲ್ಲಕ್ಕೂ ಬೇರೆ ಬೇರೆ 3. ‘ಗಂಡುಗೊಡಲಿ’ ಕಣ್ಣಿಗೆ ಐದಕ್ಷರ, ಕಂಪ್ಯೂಟರ್‌ಗೆ 9 ಚಿಹ್ನೆ, 27 ಬೈಟ್. ಸಾಲಿಡಿಟಿಯಲ್ಲಿ 31 ಬೈಟ್‌ವರೆಗಿನ ಸ್ಟ್ರಿಂಗ್ ಒಂದೇ ಕೋಣೆಯಲ್ಲಿ ಹಿಡಿಯುತ್ತದೆ. ‘ಅಪರೂಪದ ಗಂಡುಗೊಡಲಿ’ ಎಂದು ಬರೆದರೆ 46 ಬೈಟ್ ಆಗಿ ಖರ್ಚು ಒಂದು ಕೋಣೆಯಿಂದ ಮೂರಕ್ಕೆ ಏರುತ್ತದೆ. 32 ಬೈಟ್‌ನ ಸ್ಥಿರ ಅಳತೆಯೊಳಗೆ ಕತ್ತರಿಸಿ ತುರುಕಿದರೆ ಹೆಸರು ನಡುವೆಯೇ ತುಂಡಾಗಿ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಚೌಕ ಕಾಣುತ್ತದೆ. ಕೋಡ್‌ನಲ್ಲಿ ಕನ್ನಡ ಪದ ನೇರವಾಗಿ ಬರೆಯುವುದಾದರೆ ಅದರ ಮುಂದೆ ‘ಯೂನಿಕೋಡ್’ ಎಂಬ ಪೂರ್ವಪದ ಬೇಕು, ಇಲ್ಲದಿದ್ದರೆ ಕಂಪೈಲರ್ ಒಪ್ಪುವುದಿಲ್ಲ.

ಇನ್ನೂ ಸೂಕ್ಷ್ಮದ್ದು ಒ-ಕಾರ. ‘ಕೊ’ ಎಂಬುದನ್ನು ಕ ಮತ್ತು ಒ-ಕಾರದ ಒಂದೇ ಗುರುತಾಗಿಯೂ ಉಳಿಸಬಹುದು, ‘ಕೆ’ಗೆ ಊ-ಕಾರದ ಕೊಂಬು ಸೇರಿಸಿ ಎರಡು ಗುರುತಾಗಿಯೂ ಉಳಿಸಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟ್‌ಗಳು ಬೇರೆ, ಹಾಗಾಗಿ ಹ್ಯಾಶ್, ಅಂದರೆ ಬೈಟ್‌ಗಳಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ, ಕೂಡ ಬೇರೆ. ಹೆಸರಿನ ಹ್ಯಾಶ್‌ನಿಂದ ವಸ್ತುವನ್ನು ಗುರುತಿಸುವ ಆಟದಲ್ಲಿ ಎರಡು ‘ಕೊಡಲಿ’ಗಳು ಹುಟ್ಟಿಕೊಳ್ಳುತ್ತವೆ, ಯಾವ ಕಣ್ಣಿಗೂ ವ್ಯತ್ಯಾಸ ಕಾಣದು. ‘ಅರ್ಜುನ್‌ಗೆ’ ಎನ್ನುವಲ್ಲಿ ಒತ್ತು ಬೀಳದಂತೆ ತಡೆಯಲು ನಾವು ಸೇರಿಸುವ ಕಾಣದ ಅಕ್ಷರದ ಕಥೆಯೂ ಅದೇ. ಹ್ಯಾಶ್ ಮಾಡುವ ಮೊದಲು ಎಲ್ಲ ಹೆಸರನ್ನೂ ಬಿಡಿ ಗುರುತುಗಳನ್ನು ಕೂಡಿಸುವ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಕಾಣದ ಅಕ್ಷರಗಳನ್ನು ಇಡಬೇಕೋ ತೆಗೆಯಬೇಕೋ ಎಂಬ ನಿಯಮ ಒಂದೇ ಕಡೆ ಬರೆದಿಡಿ. ಇದಕ್ಕಿಂತ ಒಳ್ಳೆಯದು, ಹೆಸರನ್ನು ಕಾಂಟ್ರಾಕ್ಟ್‌ಗೆ ಒಯ್ಯದೆ ಬಗೆಯ ಸಂಖ್ಯೆ ಮಾತ್ರ ಅಲ್ಲಿಟ್ಟು, ಕನ್ನಡ, ತುಳು, ತೆಲುಗು ಹೆಸರುಗಳನ್ನು ಮೆಟಾಡೇಟಾದಲ್ಲಿ (ಟೋಕನ್‌ನ ಹೆಸರು, ಚಿತ್ರ ಹೇಳುವ ಹೊರಗಿನ ಕಡತ) ಕೊಡುವುದು.

ಕಾಂಟ್ರಾಕ್ಟ್

ಶೂನ್ಯದಿಂದ ಬರೆಯಲು ಹೋಗಬೇಡಿ. ಓಪನ್‌ಝೆಪ್ಪೆಲಿನ್ ಎಂಬ ಸಿದ್ಧ ಕೋಡ್ ಸಂಗ್ರಹದ 5ನೇ ಆವೃತ್ತಿಯಿಂದ ಇಆರ್‌ಸಿ-721, ಆಕ್ಸೆಸ್ ಕಂಟ್ರೋಲ್, ಪಾಸಬಲ್ (ತಾತ್ಕಾಲಿಕವಾಗಿ ನಿಲ್ಲಿಸುವ ಕೋಡ್) ಈ ಮೂರನ್ನು ತನ್ನಿ. ಹಾರ್ಡ್‌ಹ್ಯಾಟ್ ಅಥವಾ ಫೌಂಡ್ರಿ, ಕೋಡ್ ಕಟ್ಟಿ ಪರೀಕ್ಷಿಸುವ ಸಲಕರಣೆ ಯಾವುದಾದರೂ ಸರಿ. 4ನೇ ಆವೃತ್ತಿಗೆ ಬರೆದ ಮಾದರಿ ಕೋಡ್ ಇಂಟರ್ನೆಟ್ ತುಂಬ ಇದೆ. ಅದರಲ್ಲಿ ವರ್ಗಾವಣೆಗೆ ಮುಂಚೆ ಓಡುವ ಹುಕ್ 5ರಲ್ಲಿ ಇಲ್ಲ, ಅದರ ಜಾಗದಲ್ಲಿ ‘ಅಪ್‌ಡೇಟ್’ ಎಂಬ ಒಂದೇ ಫಂಕ್ಷನ್ ಇದೆ. ತಡೆ, ಬೀಗ ಎಲ್ಲವನ್ನೂ ಅದರೊಳಗೆ ಬರೆಯಬೇಕು. ಎಲ್ಲ ಟೋಕನ್‌ಗಳ ಪಟ್ಟಿ ಇಡುವ ‘ಎನ್ಯೂಮರಬಲ್’ ವಿಸ್ತರಣೆ ಸೇರಿಸಬೇಡಿ. ಪ್ರತಿ ವರ್ಗಾವಣೆಗೂ ಹೆಚ್ಚುವರಿ ಕೋಣೆಗಳಿಗೆ ದುಡ್ಡು ಕೊಡಬೇಕಾಗುತ್ತದೆ, ಆ ಪಟ್ಟಿ ನಿಮ್ಮ ಡೇಟಾಬೇಸ್‌ನಲ್ಲಿ ಹೇಗೂ ಇರುತ್ತದೆ.

ಮಿಂಟ್ ಫಂಕ್ಷನ್ ಒಳಗೆ ಕೆಲಸಗಳು ಈ ಅನುಕ್ರಮದಲ್ಲೇ ನಡೆಯಲಿ:

1. ಕರೆದವರಿಗೆ ಮಿಂಟ್ ಮಾಡುವ ಅಧಿಕಾರ ಇದೆಯೇ ನೋಡಿ.
2. ಆ ಟೋಕನ್ ಐಡಿಯ ಗುಣಗಳ ಕೋಣೆ ಖಾಲಿ ಇದೆಯೇ ನೋಡಿ, ಇಲ್ಲದಿದ್ದರೆ ನಿರಾಕರಿಸಿ.
3. ಆ ಬಗೆಯ ಮಿತಿ, ಉದಾಹರಣೆಗೆ 500, ಮುಟ್ಟಿದೆಯೇ ನೋಡಿ. ಇಲ್ಲದಿದ್ದರೆ ಎಣಿಕೆ ಒಂದು ಹೆಚ್ಚಿಸಿ.
4. ಗುಣಗಳ ಕೋಣೆ ತುಂಬಿ.
5. ಎಲ್ಲಕ್ಕಿಂತ ಕೊನೆಗೆ ‘ಸೇಫ್ ಮಿಂಟ್’ ಕರೆಯಿರಿ.

ಎರಡನೇ ಹಂತ ಏಕೆ ಬೇಕು? ಇರುವ ಐಡಿಯನ್ನು ಮತ್ತೆ ಮಿಂಟ್ ಮಾಡಲು ಸಂಗ್ರಹವೇ ಬಿಡುವುದಿಲ್ಲ ನಿಜ (‘ಕಳಿಸಿದವರು ಸರಿಯಿಲ್ಲ’ ಎಂಬ ಅರ್ಥದ ದೋಷಸಂದೇಶ ಬರುತ್ತದೆ, ಗೊಂದಲ ಬೇಡ). ಆದರೆ ಟೋಕನ್ ಸುಟ್ಟ (ಅಳಿಸಿಹಾಕಿದ) ಮೇಲೆ ಅದರ ಒಡೆಯನ ಜಾಗ ಖಾಲಿಯಾಗುತ್ತದೆ, ಆಗ ಅದೇ ಐಡಿ ಮತ್ತೆ ಹುಟ್ಟಬಹುದು. ಕುಲುಮೆಯಲ್ಲಿ ಕರಗಿಸಿದ ಕೊಡಲಿ ಮರಳಿ ಬರುವುದು ಎಂದರೆ ಡ್ಯೂಪಿಂಗ್‌ನ ಇನ್ನೊಂದು ರೂಪ. ಸುಟ್ಟಾಗ ಗುಣಗಳ ಕೋಣೆಯನ್ನು ಅಳಿಸದೆ ಬಿಟ್ಟರೆ ಅದೇ ಕಾವಲಾಗುತ್ತದೆ.

ಐದನೆಯದು ಕೊನೆಗೇ ಇರಬೇಕು. ಪಡೆಯುವ ವಿಳಾಸ ಒಂದು ಕಾಂಟ್ರಾಕ್ಟ್ ಆಗಿದ್ದರೆ ಸೇಫ್ ಮಿಂಟ್ ಅದನ್ನು ‘ಒಪ್ಪಿಕೊಳ್ಳುತ್ತೀಯಾ’ ಎಂದು ಕೇಳುತ್ತದೆ, ಆ ಗಳಿಗೆಯಲ್ಲಿ ನಿಯಂತ್ರಣ ಅವರ ಕೈಗೆ ಹೋಗುತ್ತದೆ. ಎಣಿಕೆ ಇನ್ನೂ ಬರೆದಿರದಿದ್ದರೆ, ಮಿಂಟ್ ದಾರಿ ಆಟಗಾರರಿಗೂ ತೆರೆದಿದ್ದರೆ, ಅವರು ಮತ್ತೆ ಒಳಗೆ ಬಂದು ಮಿತಿ ದಾಟಿ ಮಿಂಟ್ ಮಾಡಿಕೊಳ್ಳಬಹುದು.

ಕನಿಷ್ಠ ಈ ಪರೀಕ್ಷೆಗಳನ್ನು ಬರೆಯದೆ ಮುಂದೆ ಹೋಗಬೇಡಿ: 501ನೆಯ ಮಿಂಟ್ ಸೋಲಬೇಕು, ಸುಟ್ಟ ಐಡಿ ಮರಳಿ ಹುಟ್ಟಬಾರದು, ಅಧಿಕಾರವಿಲ್ಲದ ವಿಳಾಸ ಸೋಲಬೇಕು, ತಡೆ ಇರುವಾಗ ನೇರ ವರ್ಗಾವಣೆ ಮಾತ್ರವಲ್ಲ, ಅನುಮತಿ ಪಡೆದ ಮೂರನೆಯವರ ವರ್ಗಾವಣೆಯೂ ಸೋಲಬೇಕು. ಈ ಕೊನೆಯದನ್ನೇ ಜನ ಮರೆಯುವುದು.

ಅದೃಷ್ಟದ ಲೆಕ್ಕ

ಜಾಲವು ಟ್ರಾನ್ಸಾಕ್ಷನ್‌ಗಳನ್ನು ‘ಬ್ಲಾಕ್’ ಎಂಬ ಕಟ್ಟುಗಳಲ್ಲಿ ದಾಖಲಿಸುತ್ತದೆ. ಕೊಡಲಿಯ ಬೀಜಸಂಖ್ಯೆಯನ್ನು ಬ್ಲಾಕ್‌ನ ಸಮಯ, ಬ್ಲಾಕ್‌ನ ಹ್ಯಾಶ್ ಮುಂತಾದವುಗಳಿಂದ ಅದೇ ಟ್ರಾನ್ಸಾಕ್ಷನ್‌ನಲ್ಲಿ ತೆಗೆದರೆ, ಆಟಗಾರ ಒಂದು ಪುಟ್ಟ ಕಾಂಟ್ರಾಕ್ಟ್ ಮೂಲಕ ಕರೆದು, ಬಂದ ವಸ್ತು ಸಾಧಾರಣದ್ದಾದರೆ ಇಡೀ ಟ್ರಾನ್ಸಾಕ್ಷನ್ ರದ್ದು ಮಾಡುತ್ತಾನೆ. ಒಳ್ಳೆಯದು ಬರುವವರೆಗೆ ಮತ್ತೆ ಮತ್ತೆ. ‘ಮುಂದಿನ ಬ್ಲಾಕ್‌ನ ಹ್ಯಾಶ್ ನೋಡೋಣ’ ಎಂಬ ಉಪಾಯದಲ್ಲೂ ರಂಧ್ರವಿದೆ: ಕಾಂಟ್ರಾಕ್ಟ್‌ಗೆ ಸಾಲಿಡಿಟಿಯ ‘ಬ್ಲಾಕ್‌ಹ್ಯಾಶ್’ ಮೂಲಕ ಸಿಗುವುದು ಕೊನೆಯ 256 ಬ್ಲಾಕ್‌ಗಳ ಹ್ಯಾಶ್ ಮಾತ್ರ, ಅದಕ್ಕಿಂತ ಹಳೆಯದಕ್ಕೆ ಸೊನ್ನೆ ಬರುತ್ತದೆ. ಇಥೀರಿಯಂನಲ್ಲಿ 51 ನಿಮಿಷ, 2 ಸೆಕೆಂಡ್‌ಗೊಂದು ಬ್ಲಾಕ್ ಬರುವ ಜಾಲದಲ್ಲಿ ಎಂಟೂವರೆ ನಿಮಿಷ ಸುಮ್ಮನೆ ಕಾದವನಿಗೆ ಫಲಿತಾಂಶ ಮೊದಲೇ ಗೊತ್ತಿರುತ್ತದೆ.

ಚೈನ್‌ಲಿಂಕ್ ವಿಆರ್‌ಎಫ್ ಎಂಬ ಸೇವೆ ದುಡ್ಡಿಗೆ ಸಾಕ್ಷಿಸಹಿತ ಯಾದೃಚ್ಛಿಕ ಸಂಖ್ಯೆ ಕೊಡುತ್ತದೆ. ದುಡ್ಡಿಲ್ಲದ ತಂಡಕ್ಕೆ ಇದು ಸಾಕು: ಋತು ಶುರುವಾಗುವ ಮುನ್ನ ಒಂದು ಗುಟ್ಟಿನ ಸಂಖ್ಯೆ ಆರಿಸಿ ಅದರ ಹ್ಯಾಶ್ ಪ್ರಕಟಿಸಿ. ಪ್ರತಿ ವಸ್ತುವಿನ ಬೀಜ ಎಂದರೆ ಆ ಗುಟ್ಟು, ಆಟಗಾರನ ವಿಳಾಸ, ಅವನಿಗೆ ಇದು ಎಷ್ಟನೆಯ ವಸ್ತು ಎಂಬ ಎಣಿಕೆ, ಈ ಮೂರರ ಹ್ಯಾಶ್. ಋತು ಮುಗಿದ ಮೇಲೆ ಗುಟ್ಟು ಹೊರಗೆ ಬಿಡಿ; ಬೇಕಾದವರು ಲೆಕ್ಕ ಹಾಕಿ ನೋಡಲಿ. ಎಣಿಕೆಯ ಬದಲು ಯುಯುಐಡಿ ಸೇರಿಸಿದರೆ ನಿಮಗೇ ಬೇಕಾದ ಐಡಿ ಹುಡುಕಿ ಗೆಳೆಯರಿಗೆ ಒಳ್ಳೆಯ ಕೊಡಲಿ ಕೊಡುವ ದಾರಿ ತೆರೆದಿರುತ್ತದೆ. ಆ ಅನುಮಾನಕ್ಕೆ ಎಡೆ ಬೇಡ.

ಮಿಂಟ್ ಸರದಿ

ಆಟದ ಮಧ್ಯೆ ಕೊಡಲಿ ಸಿಕ್ಕ ಕೂಡಲೇ ಜಾಲಕ್ಕೆ ಕರೆ ಕಳಿಸಿ ಉತ್ತರಕ್ಕೆ ಕಾಯಬೇಡಿ. ಡೇಟಾಬೇಸ್‌ನಲ್ಲಿ ವಸ್ತು ಹುಟ್ಟಲಿ. ಅದೇ ಟ್ರಾನ್ಸಾಕ್ಷನ್‌ನಲ್ಲಿ ಒಂದು ಸರದಿ ಸಾಲೂ ಹುಟ್ಟಲಿ. ಬೇರೆ ಪ್ರೋಗ್ರಾಂ ಆ ಸರದಿಯನ್ನು ತೆಗೆದುಕೊಂಡು ಜಾಲಕ್ಕೆ ಕಳಿಸಲಿ. ಪ್ರತಿ ಸಾಲಿಗೂ ನಾಲ್ಕು ಸ್ಥಿತಿ ಸಾಕು: ಬಾಕಿ, ಕಳಿಸಿದೆ, ಬ್ಲಾಕ್‌ನಲ್ಲಿದೆ, ಅಂತಿಮ.

ಕಳಿಸಿದ ಮೇಲೆ, ‘ಕಳಿಸಿದೆ’ ಎಂದು ಬರೆಯುವ ಮೊದಲು ಪ್ರೋಗ್ರಾಂ ಬಿದ್ದುಹೋದರೆ? ಎದ್ದ ಮೇಲೆ ಅದು ಮತ್ತೆ ಕಳಿಸುತ್ತದೆ. ಕಾಂಟ್ರಾಕ್ಟ್ ಐಡಿ ಎಣಿಸುತ್ತಿದ್ದರೆ ಎರಡು ಕೊಡಲಿ ಆಗುತ್ತಿತ್ತು. ಯುಯುಐಡಿಯೇ ಟೋಕನ್ ಐಡಿ ಆಗಿರುವುದರಿಂದ ಎರಡನೆಯದು ಸೋಲುತ್ತದೆ, ಒಂದಿಷ್ಟು ಗ್ಯಾಸ್ ಹೋಗುವುದಷ್ಟೇ ನಷ್ಟ.

ಒಂದು ವಾಲೆಟ್‌ನಿಂದ (ಕೀಲಿ ಇರುವ ಜಾಲದ ಖಾತೆಯಿಂದ) ಹೋಗುವ ಟ್ರಾನ್ಸಾಕ್ಷನ್‌ಗಳಿಗೆ ‘ನಾನ್ಸ್’ ಎಂಬ ಕ್ರಮಸಂಖ್ಯೆ ಇದೆ. 41ನೆಯದು ಕಡಿಮೆ ದರದಿಂದ ಸಿಕ್ಕಿಕೊಂಡರೆ 42ರಿಂದ ಮುಂದಿನ ಎಲ್ಲವೂ ಕಾಯುತ್ತವೆ, ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯ ಹಿಂದಿನ ಸಾಲಿನಂತೆ. ಅದೇ ನಾನ್ಸ್‌ನಲ್ಲಿ ದರ ಏರಿಸಿ ಮತ್ತೆ ಕಳಿಸಿ; ಗರಿಷ್ಠ ಶುಲ್ಕ, ಆದ್ಯತಾ ಶುಲ್ಕ ಎರಡನ್ನೂ ಕನಿಷ್ಠ ಶೇ 10 ಏರಿಸದಿದ್ದರೆ ನೋಡ್‌ಗಳು (ಜಾಲ ನಡೆಸುವ ಕಂಪ್ಯೂಟರ್‌ಗಳು) ಒಪ್ಪುವುದಿಲ್ಲ. ಒಂದೇ ವಾಲೆಟ್‌ನಿಂದ ಎರಡು ಪ್ರೋಗ್ರಾಂ ಕಳಿಸುವುದಂತೂ ಬೇಡವೇ ಬೇಡ.

ಗ್ಯಾಸ್ ಖರ್ಚು ಆಟಗಾರನೇ ಭರಿಸಲಿ ಎಂದಾದರೆ ಸರ್ವರ್ ಮಿಂಟ್ ಮಾಡುವ ಬದಲು ಸಹಿ ಹಾಕಿದ ಚೀಟಿ ಕೊಡಬಹುದು. ಚೀಟಿ ಸಹಿಗೆಂದೇ ಇರುವ ಇಐಪಿ-712 ಮಾನದಂಡದ ರೂಪದಲ್ಲಿರಲಿ. ಅದರಲ್ಲಿ ಐಡಿ, ಪಡೆಯುವ ವಿಳಾಸ, ಗುಣಗಳು, ಕೊನೆಯ ದಿನಾಂಕ, ಚೈನ್ ಸಂಖ್ಯೆ, ಕಾಂಟ್ರಾಕ್ಟ್ ವಿಳಾಸ ಇರಲೇಬೇಕು. ಚೈನ್ ಸಂಖ್ಯೆ ಬಿಟ್ಟು ಹೋದರೆ ಅಮೋಯ್‌ನಲ್ಲಿ ಪರೀಕ್ಷೆಗೆಂದು ಕೊಟ್ಟ ಚೀಟಿ ಮುಖ್ಯ ಜಾಲದಲ್ಲೂ ನಡೆದುಬಿಡಬಹುದು.

ಜಾಲವನ್ನು ಓದುವುದು

ಪ್ರತಿ ಕೈಬದಲಿಗೂ ಕಾಂಟ್ರಾಕ್ಟ್ ‘ಟ್ರಾನ್ಸ್‌ಫರ್’ ಎಂಬ ದಾಖಲೆ ಬಿಡುತ್ತದೆ. ಇದೇ ನಿಮ್ಮ ಇಸಿ, ಅಂದರೆ ಋಣಭಾರ ಪತ್ರ: ಯಾರಿಂದ, ಯಾರಿಗೆ, ಯಾವ ಸರ್ವೆ ನಂಬರ್. ಇದನ್ನು ಓದಿ ಡೇಟಾಬೇಸ್‌ನ ಒಡೆಯನ ಕಾಲಂ ಬದಲಿಸುವ ಪ್ರೋಗ್ರಾಂ ಒಂದು ಬೇಕು. ಸಾಮಾನ್ಯ ನಾಣ್ಯಗಳ ಇಆರ್‌ಸಿ-20ಯಲ್ಲೂ ಟ್ರಾನ್ಸ್‌ಫರ್‌ನ ಗುರುತು ಅಕ್ಷರಶಃ ಇದೇ ಆದ್ದರಿಂದ ನಿಮ್ಮ ಕಾಂಟ್ರಾಕ್ಟ್ ವಿಳಾಸದಿಂದ ಸೋಸದೆ ಓದಬೇಡಿ.

ಬ್ಲಾಕ್‌ಗಳು ಕೆಲವೊಮ್ಮೆ ಹಿಂದೆ ಸರಿಯುತ್ತವೆ. 2023ರ ಫೆಬ್ರುವರಿಯಲ್ಲಿ ಪಾಲಿಗಾನ್‌ನಲ್ಲಿ ಒಮ್ಮೆಗೇ 157 ಬ್ಲಾಕ್‌ಗಳು ಬದಲಾದವು. ಆ ಬ್ಲಾಕ್‌ಗಳಲ್ಲಿ ಕೊಡಲಿ ಕೊಂಡವನಿಗೆ ಆಟದಲ್ಲಿ ಆಗಲೇ ಕೊಟ್ಟುಬಿಟ್ಟಿದ್ದರೆ ಒಂದೇ ಕೊಡಲಿಗೆ ಇಬ್ಬರು ಒಡೆಯರು. ಆದ್ದರಿಂದ ಎರಡು ಕಾಲಂ ಇಡಿ: ‘ಈಗ ಕಾಣುವ ಒಡೆಯ’, ‘ಅಂತಿಮ ಒಡೆಯ’. ನೋಡ್‌ಗೆ ‘ಫೈನಲೈಸ್ಡ್’ (ಇನ್ನು ಹಿಂದೆ ಸರಿಯದ) ಬ್ಲಾಕ್ ಯಾವುದೆಂದು ಕೇಳಿ, ಅಲ್ಲಿಯವರೆಗಿನದನ್ನು ಮಾತ್ರ ಎರಡನೇ ಕಾಲಂಗೆ ಬರೆಯಿರಿ. ಇಥೀರಿಯಂ ಮುಖ್ಯ ಜಾಲದಲ್ಲಿ ಇದಕ್ಕೆ ಸುಮಾರು 13 ನಿಮಿಷ. ಚಾಟ್‌ನಲ್ಲಿ ಹೆಮ್ಮೆಯಿಂದ ತೋರಿಸಲು ಮೊದಲ ಕಾಲಂ ಸಾಕು; ಪಂದ್ಯಕ್ಕೆ ಒಯ್ಯಲು, ಕರಗಿಸಲು ಎರಡನೆಯದೇ ಬೇಕು. ಪ್ರತಿ ದಾಖಲೆಗೂ ಬ್ಲಾಕ್ ಹ್ಯಾಶ್, ಟ್ರಾನ್ಸಾಕ್ಷನ್ ಹ್ಯಾಶ್, ಲಾಗ್‌ನ ಕ್ರಮಾಂಕ ಮೂರೂ ಸೇರಿ ಯುನಿಕ್ ಕೀ.

ವಿಳಾಸಗಳ ಬಗ್ಗೆ ಒಂದು ಸಣ್ಣ ಮಾತು. ಅವುಗಳ ಅಕ್ಷರಗಳಲ್ಲಿ ದೊಡ್ಡದು ಚಿಕ್ಕದು ಬೆರೆತಿರುವುದು ತಪ್ಪು ಹಿಡಿಯುವ ತಪಾಸಣೆಗೆ ಮಾತ್ರ. ಉಳಿಸುವಾಗ ಎಲ್ಲವನ್ನೂ ಚಿಕ್ಕಕ್ಷರ ಮಾಡಿ, ಇಲ್ಲವಾದರೆ ಒಬ್ಬನೇ ಆಟಗಾರ ಇಬ್ಬರಾಗಿ ಕಾಣುತ್ತಾನೆ.

ಎಷ್ಟೇ ಎಚ್ಚರ ವಹಿಸಿದರೂ ದಿನಕ್ಕೊಮ್ಮೆ ತಾಳೆ ನೋಡಿ. ಪ್ರತಿ ಟೋಕನ್‌ಗೂ ‘ಓನರ್ ಆಫ್’ ಕೇಳಿ, ಮಲ್ಟಿಕಾಲ್ ಬಳಸಿ ನೂರಿನ್ನೂರನ್ನು ಒಂದೇ ಕರೆಯಲ್ಲಿ ಕೇಳಬಹುದು. ಎಲ್ಲ ಉತ್ತರವೂ ಒಂದೇ ಬ್ಲಾಕ್‌ನ ಸಂಖ್ಯೆಗೆ ಇರಲಿ. ಡೇಟಾಬೇಸ್ ಜೊತೆ ಹೊಂದದ್ದು ಒಂದೇ ಸಿಕ್ಕರೂ ಕಾರಣ ಹುಡುಕಿ, ಸುಮ್ಮನೆ ತಿದ್ದಿ ಮುಂದೆ ಹೋಗಬೇಡಿ.

ವಾಲೆಟ್ ಜೋಡಣೆ, ಪಂದ್ಯದ ನಡುವಿನ ಮಾರಾಟ

ಆಟಗಾರ ವಿಳಾಸ ಟೈಪ್ ಮಾಡಿದ ಮಾತ್ರಕ್ಕೆ ಅದು ಅವನದಾಗುವುದಿಲ್ಲ. ಸರ್ವರ್ ಒಮ್ಮೆ ಮಾತ್ರ ಬಳಸುವ ಸಂಖ್ಯೆಯೊಂದನ್ನು ಕೊಟ್ಟು ಸಹಿ ಕೇಳಬೇಕು. ಸಂದೇಶದಲ್ಲಿ ನಿಮ್ಮ ಡೊಮೇನ್, ಆ ಸಂಖ್ಯೆ, 5 ನಿಮಿಷದ ಅವಧಿ ಇರಲಿ. ಇಐಪಿ-4361 ಇದಕ್ಕೇ ಇದೆ. ಸ್ಮಾರ್ಟ್ ಕಾಂಟ್ರಾಕ್ಟ್ ವಾಲೆಟ್‌ಗಳ ಸಹಿಯನ್ನು ಸಾಮಾನ್ಯ ವಿಧಾನದಲ್ಲಿ ಪರೀಕ್ಷಿಸಲಾಗದು, ಅವಕ್ಕೆ ಇಆರ್‌ಸಿ-1271ರ ದಾರಿ ಸೇರಿಸಿ.

ಪಂದ್ಯ ನಡೆಯುತ್ತಿರುವಾಗಲೇ ಕೊಡಲಿ ಮಾರಾಟವಾದರೆ ಏನು ಮಾಡುವುದು ಎಂದು ತಂಡಗಳು ವಾರಗಟ್ಟಲೆ ಚರ್ಚಿಸುತ್ತವೆ. ಪಂದ್ಯಕ್ಕೊಂದು ಬೀಗ ಹಾಕಿ ತೆಗೆಯುವುದೆಂದರೆ ಪಂದ್ಯಕ್ಕೆ ಎರಡು ಟ್ರಾನ್ಸಾಕ್ಷನ್, ದುಬಾರಿ, ನಿಧಾನ. ಪಂದ್ಯ ಶುರುವಾಗುವಾಗ ಅಂತಿಮ ಒಡೆಯ ಯಾರೆಂದು ನೋಡಿ, ನಡುವೆ ಮಾರಿದರೂ ಆ ಪಂದ್ಯ ಮುಗಿಯುವವರೆಗೆ ಹಳೆಯ ಒಡೆಯನೇ ಬಳಸಲಿ ಎಂಬ ನಿಯಮ ಬಹುತೇಕ ಆಟಗಳಿಗೆ ಧಾರಾಳ ಸಾಕು. ಬೀಗ ಬೇಕೇ ಬೇಕೆಂದರೆ ಅದಕ್ಕೆ ಗರಿಷ್ಠ 2 ಗಂಟೆಯ ಅವಧಿಯನ್ನು ಕಾಂಟ್ರಾಕ್ಟ್‌ನಲ್ಲೇ ಬರೆಯಿರಿ. ಸರ್ವರ್ ಬಿದ್ದ ರಾತ್ರಿ ಸಾವಿರ ಜನರ ವಸ್ತುಗಳು ಬೀಗದೊಳಗೆ ಉಳಿದರೆ ಬೆಳಗ್ಗೆ ಉತ್ತರ ಕೊಡುವವರು ನೀವೇ.

ಕೀಲಿ ಯಾರ ಬಳಿ

ಆಕ್ಸಿ ಇನ್ಫಿನಿಟಿ ಆಟದ ರೋನಿನ್ ಜಾಲದ ಸೇತುವೆಗೆ, ಅಂದರೆ ಬೇರೆ ಜಾಲದೊಡನೆ ಹಣ ಸಾಗಿಸುವ ವ್ಯವಸ್ಥೆಗೆ, 9 ಕೀಲಿಗಳಿದ್ದವು, 5 ಸೇರಿದರೆ ಹಣ ಹೊರಡುತ್ತಿತ್ತು. 2022ರ ಮಾರ್ಚ್ 23ರಂದು ಕಳ್ಳರು ಐದನ್ನೂ ಹಿಡಿದು 1,73,600 ಈಥರ್ (ಇಥೀರಿಯಂನ ನಾಣ್ಯ), 2.55 ಕೋಟಿ ಯುಎಸ್‌ಡಿಸಿ (ಡಾಲರ್‌ಗೆ ಕಟ್ಟಿದ ಟೋಕನ್) ಒಯ್ದರು. ಐದರಲ್ಲಿ ನಾಲ್ಕು ಒಂದೇ ಕಂಪನಿಯ ಕೈಯಲ್ಲಿದ್ದವು. ಗೊತ್ತಾದದ್ದು ಆರು ದಿನ ಕಳೆದ ಮೇಲೆ, 29ರಂದು. ಸಂಕೇತಶಾಸ್ತ್ರ ಎಲ್ಲೂ ಸೋತಿರಲಿಲ್ಲ.

ನಿಮ್ಮಲ್ಲಿ ಹೀಗಿರಲಿ: ಸರ್ವರ್‌ನ ವಾಲೆಟ್‌ಗೆ ಮಿಂಟ್ ಮಾಡುವ ಅಧಿಕಾರ ಮಾತ್ರ, ಅದಕ್ಕೂ ದಿನಕ್ಕೆ ಇಷ್ಟೇ ಎಂಬ ಮಿತಿ ಕಾಂಟ್ರಾಕ್ಟ್‌ನಲ್ಲಿ. ಅದರಲ್ಲಿ ಒಂದು ವಾರದ ಗ್ಯಾಸ್‌ಗಿಂತ ಹೆಚ್ಚು ಹಣ ಬೇಡ. ಅಧಿಕಾರ ಕೊಡುವ ತೆಗೆಯುವ ಆಡಳಿತ, ಮೂವರಲ್ಲಿ ಇಬ್ಬರ ಸಹಿ ಬೇಕಾದ ‘ಸೇಫ್’ ವಾಲೆಟ್‌ನಲ್ಲಿ. ಆ ಮೂರು ಕೀಲಿ ಮೂರು ಬೇರೆ ಹಾರ್ಡ್‌ವೇರ್ ಸಾಧನಗಳಲ್ಲಿ, ಮೂರು ಬೇರೆ ಮನೆಗಳಲ್ಲಿ. ಕಾಂಟ್ರಾಕ್ಟ್ ತಾತ್ಕಾಲಿಕವಾಗಿ ನಿಲ್ಲಿಸುವ ಅಧಿಕಾರ ಮಾತ್ರ ಒಬ್ಬರ ಕೈಯಲ್ಲೇ ಇರಲಿ, ಮಧ್ಯರಾತ್ರಿ ಇಬ್ಬರನ್ನು ಎಬ್ಬಿಸುವಷ್ಟು ಹೊತ್ತು ಇರುವುದಿಲ್ಲ.

ಅಂಗಡಿ, ತೆರಿಗೆ, ಕಾನೂನು

ಆಟಗಳ ಅಂಗಡಿ ಸ್ಟೀಮ್ 2021ರ ಅಕ್ಟೋಬರ್‌ನಿಂದ ಇಂಥ ಟೋಕನ್ ಕೊಡುವ ಆಟಗಳನ್ನು ಸೇರಿಸುತ್ತಿಲ್ಲ. ಮೈನ್‌ಕ್ರಾಫ್ಟ್ ಸರ್ವರ್‌ಗಳಲ್ಲಿ ಬೇಡ ಎಂದು ಆ ಆಟ ಮಾಡಿದ ಮೊಜಾಂಗ್ 2022ರ ಜುಲೈನಲ್ಲಿ ಹೇಳಿತು. ಆಪಲ್‌ನ ನಿಯಮದಂತೆ ಟೋಕನ್ ಇರುವುದರಿಂದ ಆ್ಯಪ್‌ನೊಳಗೆ ಹೊಸ ಸೌಲಭ್ಯ ತೆರೆಯುವಂತಿಲ್ಲ. ಕೋಡ್ ಬರೆಯುವ ಮೊದಲು ನಿಮ್ಮ ಅಂಗಡಿಯ ಇಂದಿನ ನಿಯಮ ಓದಿ.

ಭಾರತದಲ್ಲಿ 2022ರ ಏಪ್ರಿಲ್ 1ರಿಂದ ವರ್ಚುವಲ್ ಡಿಜಿಟಲ್ ಆಸ್ತಿ ಮಾರಿದ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಅದೇ ವರ್ಷ ಜುಲೈ 1ರಿಂದ ನಿಗದಿತ ಮೊತ್ತ ದಾಟಿದ ವ್ಯವಹಾರಕ್ಕೆ ಶೇ 1 ಟಿಡಿಎಸ್ ಕೂಡ ಬಂದಿದೆ. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಅಥವಾ ಹಣಕ್ಕೆ ಸಮನಾದ ಪಣ ಇಟ್ಟು ಗೆಲ್ಲುವ ಆಟಗಳನ್ನು ನಿಷೇಧಿಸುತ್ತದೆ. ಸೇವೆ ಕೊಟ್ಟವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಹೊರಗೆ ನಗದಾಗಬಲ್ಲ ಟೋಕನ್ ಅನ್ನು ಪಂದ್ಯದ ಪಣವಾಗಿ ಇಡುವ ವಿನ್ಯಾಸ ಈ ವ್ಯಾಖ್ಯೆಗೆ ತೀರ ಹತ್ತಿರ. ಪಣ, ದುಡ್ಡು ಕೊಟ್ಟು ತೆರೆಯುವ ನಿಗೂಢ ಪೆಟ್ಟಿಗೆ ಎರಡನ್ನೂ ಬಿಟ್ಟುಬಿಡಿ, ಉಳಿದದ್ದಕ್ಕೆ ವಕೀಲರನ್ನು ಕೇಳಿ.

ಆಟ ನಿಂತ ದಿನಕ್ಕೆ

ಎಫ್1 ಡೆಲ್ಟಾ ಟೈಮ್ ಎಂಬ ರೇಸ್ ಆಟದ ‘1-1-1’ ಹೆಸರಿನ ಕಾರು 2019ರ ಮೇ ತಿಂಗಳಲ್ಲಿ 415.9 ಈಥರ್‌ಗೆ, ಅಂದಿನ ದರದಲ್ಲಿ ಒಂದು ಲಕ್ಷ ಡಾಲರ್‌ಗೂ ಮಿಕ್ಕಿ, ಮಾರಾಟವಾಗಿತ್ತು. ಪರವಾನಗಿ ನವೀಕರಣವಾಗದೆ 2022ರ ಮಾರ್ಚ್ 16ರಂದು ಆಟ ಮುಚ್ಚಿತು. ಪಹಣಿ ಉಳಿಯಿತು, ಹೊಲ ಹೋಯಿತು.

ಇದನ್ನು ತಪ್ಪಿಸುವ ತಂತ್ರಜ್ಞಾನ ಇಲ್ಲ. ಆದರೆ ಮುಚ್ಚುವ ದಿನ ಮಾಡಬೇಕಾದ ಕೆಲಸವನ್ನು ಶುರುವಿನಲ್ಲೇ ಬರೆದಿಟ್ಟು, ಟೆಸ್ಟ್‌ನೆಟ್‌ನಲ್ಲಿ ಒಮ್ಮೆ ಓಡಿಸಿ ನೋಡಬಹುದು. ಮೊದಲು ಡೇಟಾಬೇಸ್‌ನಲ್ಲಿರುವ ಬದಲಾಗುವ ಗುಣಗಳ ಕೊನೆಯ ಸ್ಥಿತಿಯನ್ನು ಪ್ರತಿ ಟೋಕನ್‌ಗೂ ಒಂದು ಜೇಸನ್ ಕಡತವಾಗಿ ಬರೆಯಿರಿ. ಚಿತ್ರ ಸೇರಿಸಿ ಎಲ್ಲವನ್ನೂ ಐಪಿಎಫ್‌ಎಸ್‌ನ (ಹಲವು ಕಂಪ್ಯೂಟರ್‌ಗಳು ಹಂಚಿಕೊಂಡು ಕಡತ ಇಡುವ ಜಾಲ) ಒಂದೇ ಕೋಶಕ್ಕೆ ಏರಿಸಿ. ಐಪಿಎಫ್‌ಎಸ್ ತಾನಾಗಿ ಏನನ್ನೂ ಶಾಶ್ವತವಾಗಿ ಇಡುವುದಿಲ್ಲ, ಯಾರಾದರೂ ‘ಪಿನ್’ ಮಾಡಿದ್ದರಷ್ಟೇ ಉಳಿಯುತ್ತದೆ. ಹಾಗಾಗಿ ಎರಡು ಪಿನ್ನಿಂಗ್ ಸೇವೆಗಳಿಗೆ ಮುಂಗಡ ಹಣ ಕಟ್ಟಿ, ಇಡೀ ಕೋಶವನ್ನು ಆಟಗಾರರೂ ಇಳಿಸಿಕೊಳ್ಳಲು ಬಿಡಿ. ಆಮೇಲೆ ಕಾಂಟ್ರಾಕ್ಟ್‌ನ ಮೆಟಾಡೇಟಾ ವಿಳಾಸವನ್ನು ಆ ಕೋಶಕ್ಕೆ ತಿರುಗಿಸಿ, ಮಾರುಕಟ್ಟೆಗಳು ಹಳೆಯ ಚಿತ್ರ ತೋರಿಸುತ್ತ ಕೂರದಂತೆ ಇಆರ್‌ಸಿ-4906ರ ಬದಲಾವಣೆ ಸೂಚನೆ ಕಳಿಸಿ. ವಿಳಾಸ ಮತ್ತೆ ಬದಲಾಗದಂತೆ ಮುಚ್ಚಿ. ಕಾಂಟ್ರಾಕ್ಟ್ ತಾತ್ಕಾಲಿಕವಾಗಿ ನಿಂತಿದ್ದರೆ ಮತ್ತೆ ಚಾಲೂ ಮಾಡಿ, ಉಳಿದ ಬೀಗ ಬಿಡಿಸಿ. ಸರ್ವರ್ ವಾಲೆಟ್‌ನಿಂದ ಮಿಂಟ್ ಅಧಿಕಾರ ಕಿತ್ತುಕೊಂಡು, ಎಲ್ಲಕ್ಕಿಂತ ಕೊನೆಗೆ ‘ಸೇಫ್’ ವಾಲೆಟ್‌ನ ಆಡಳಿತ ಅಧಿಕಾರವನ್ನೂ ತ್ಯಜಿಸಿ. ಈ ಎರಡರ ಅನುಕ್ರಮ ತಿರುವುಮುರುವಾದರೆ, ಅಂದರೆ ಆಡಳಿತ ಮೊದಲು ಹೋದರೆ, ಮಿಂಟ್ ಅಧಿಕಾರ ಕಿತ್ತುಕೊಳ್ಳಬಲ್ಲ ಆಡಳಿತವೇ ಉಳಿದಿರುವುದಿಲ್ಲ.